ಕಳ್ಳ ಯಾರು ಅನ್ನೋದು ಆಮೇಲೆ, ಮೊದಲು ಕನ್ನ ಎಲ್ಲಿದೆ ನೋಡಿ

ಪ್ರಶ್ನೆ: ನಮಸ್ತೆ ಮೇಡಂ. ಹಿತ್ತಲಲ್ಲಿ ಹನ್ನೊಂದು ಹೇಂಟೆ, ಒಂದು ಹುಂಜ ಸಾಕಿದ್ದೆವು. ಮರದ ಚೌಕಟ್ಟಿಗೆ ಕೋಳಿ ಜಾಲರಿ ಹೊಡೆದು, ಮೇಲೆ ತಗಡು ಹಾಕಿ ಗೂಡು ನಾನೇ ಮಾಡಿದ್ದೆ. ಮೂರು ವರ್ಷ ಏನೂ ತೊಂದರೆ ಇರಲಿಲ್ಲ. ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಐದು ಹೇಂಟೆ ಸತ್ತು ಬಿದ್ದಿದ್ದವು. ನಾಲ್ಕಕ್ಕೆ ಕತ್ತಿನ ಹತ್ತಿರ ಸಣ್ಣ ಗಾಯ ಅಷ್ಟೇ, ಮಾಂಸ ಮುಟ್ಟಿಲ್ಲ, ನೆಲದ ಮೇಲೆ ರಕ್ತವೂ ಇಲ್ಲ. ಐದನೆಯದರ ತಲೆಯೇ ಇಲ್ಲ, ಜಾಲರಿಗೆ ಒರಗಿದ ಹಾಗೇ ಸತ್ತಿತ್ತು. ಮುಂಗುಸಿ ರಕ್ತ ಕುಡಿದು ಹೋಗಿದೆ ಅಂತ ಅಕ್ಕಪಕ್ಕದವರು ಹೇಳ್ತಾರೆ. ಒಬ್ಬರು ಮೊಟ್ಟೆಗೆ ವಿಷ ಹಾಕಿ ಇಡು ಅಂತಾರೆ, ಇನ್ನೊಬ್ಬರು ಜಾಲರಿಗೆ ಕರೆಂಟ್ ಕೊಡು ಅಂತಾರೆ. ಇದು ಸಾಲದು ಅಂತ ಹಗಲಲ್ಲಿ ಮರಿಗಳೂ ಒಂದೊಂದೇ ಮಾಯ ಆಗ್ತಿವೆ. ಹಾವು ಇರಬಹುದು ಅಂತ ಸುತ್ತ ನುಸಿಗುಳಿಗೆ ಹಾಕಿದ್ದೇನೆ. ಮಗಳು ಉಳಿದದ್ದನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತ ಅಳ್ತಾಳೆ. ಏನು ಮಾಡಲಿ?

ಉತ್ತರ: ಮಿಕ್ಕ ಮಾತು ಆಮೇಲೆ. ಇವತ್ತು ಕತ್ತಲಾಗುವ ಮೊದಲು ಉಳಿದ ಏಳನ್ನೂ, ಮರಿಗಳಿದ್ದರೆ ಅವನ್ನೂ ಮನೆಯೊಳಗೆ ತಂದುಬಿಡಿ. ಬಚ್ಚಲುಮನೆ, ಸಾಮಾನು ಕೋಣೆ, ಗಾಳಿಯಾಡುವ ದೊಡ್ಡ ಪೆಟ್ಟಿಗೆ, ಯಾವುದಾದರೂ ಸರಿ. ಒಮ್ಮೆ ದಾರಿ ಕಂಡುಕೊಂಡ ಪ್ರಾಣಿ ಮತ್ತೆ ಬರುತ್ತದೆ, ಬಹಳ ಸಲ ಒಂದೆರಡು ರಾತ್ರಿಯೊಳಗೇ. ತರುವಾಗ ಪ್ರತಿ ಕೋಳಿಯ ರೆಕ್ಕೆಯ ಕೆಳಗೆ, ಬೆನ್ನ ಮೇಲೆ, ಕತ್ತಿನ ಸುತ್ತ ಗರಿ ಸರಿಸಿ ನೋಡಿ. ಹಲ್ಲಿನ ಸಣ್ಣ ತೂತು ಗರಿಯಡಿ ಕಾಣುವುದೇ ಇಲ್ಲ. ಬೆಕ್ಕಿನ ಜಾತಿಯ ಪ್ರಾಣಿಗಳ ಬಾಯಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಯ ಮೈಗೆ ಹೋದರೆ ಒಂದೆರಡು ದಿನದಲ್ಲೇ ಪ್ರಾಣ ತೆಗೆಯಬಹುದು. ಹಲ್ಲಿನ ಗುರುತು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಪಶುವೈದ್ಯರಿಗೆ ತೋರಿಸಿ.

ಈಗ ಮುಂಗುಸಿಯ ವಿಚಾರ. ಇಂಥ ಕೇಸಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ, ಆದದ್ದು ಯಾವಾಗ ಅಂತ. ಸಂಜೆ ಬಾಗಿಲು ಹಾಕುವಾಗ ಎಲ್ಲವೂ ಬದುಕಿದ್ದು, ಬೆಳಕು ಹರಿಯುವ ಹೊತ್ತಿಗೆ ಸತ್ತಿದ್ದರೆ ಮುಂಗುಸಿಯನ್ನು ಪಟ್ಟಿಯಿಂದ ಹೆಚ್ಚೂ ಕಡಿಮೆ ಹೊಡೆದುಹಾಕಬಹುದು. ನಾವು ಸಾಮಾನ್ಯವಾಗಿ ನೋಡುವ ಮುಂಗುಸಿಗಳು ಹಗಲು ಓಡಾಡುವವು, ರಾತ್ರಿ ಬಿಲದಲ್ಲಿ ಮಲಗುವವು. ಇದನ್ನು ಮರೆತು ಪೆಟ್ಟು ತಿಂದವರ ಕತೆಯೇ ಇದೆ. ಹವಾಯಿ ದ್ವೀಪಗಳ ಕಬ್ಬಿನ ತೋಟದವರು ಇಲಿ ಕಾಟಕ್ಕೆ ಮದ್ದು ಅಂತ 1883ರಲ್ಲಿ ಮುಂಗುಸಿ ತಂದು ಬಿಟ್ಟರು. ಇಲಿಗಳು ಹೊರಗೆ ಬರುವುದು ರಾತ್ರಿ, ಮುಂಗುಸಿ ಎದ್ದಿರುವುದು ಹಗಲು. ಅಪರೂಪಕ್ಕೆ ಎದುರಾದದ್ದಷ್ಟೇ ಲಾಭ. ಇಲಿ ಹಾಗೇ ಉಳಿದವು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಗ್ರಹಚಾರ ಶುರುವಾಯಿತು.

ಹಾಗಾದರೆ ಯಾರು? ಬೀದಿನಾಯಿ ಆಗಿದ್ದರೆ ಜಾಲರಿ ಹರಿದಿರುತ್ತಿತ್ತು, ಗರಿ ಅಂಗಳದ ತುಂಬ ಹಾರಿರುತ್ತಿತ್ತು, ಕೋಳಿಗಳ ಮೈ ಎಲ್ಲೆಂದರಲ್ಲಿ ಜಗಿದಂತೆ ಇರುತ್ತಿತ್ತು. ನಾಯಿಯ ಕೆಲಸದಲ್ಲಿ ಅಚ್ಚುಕಟ್ಟು ಇರುವುದಿಲ್ಲ. ದೊಡ್ಡ ಹಾವು ಆಗಿದ್ದರೆ ಒಂದು ಕೋಳಿ ಪೂರ್ತಿ ಮಾಯ ಆಗಿರುತ್ತಿತ್ತು, ಇಲ್ಲವೇ ನುಂಗಲು ನೋಡಿ ಆಗದೆ ಬಿಟ್ಟ ಕೋಳಿಯ ತಲೆ, ಭುಜ ಜೊಲ್ಲಿನಿಂದ ಒದ್ದೆಯಾಗಿ ಗರಿ ಅಂಟಿಕೊಂಡಿರುತ್ತಿತ್ತು. ಕತ್ತಿನಲ್ಲಿ ಸಣ್ಣ ತೂತು, ಮಿಕ್ಕ ಮೈ ಚೊಕ್ಕ ಅಂದರೆ ಅದು ಸಣ್ಣ ಬೇಟೆ ಪ್ರಾಣಿಯ ಸಹಿ. ನನ್ನ ಅನುಮಾನ ಪುನುಗು ಬೆಕ್ಕಿನ ಜಾತಿ ಅಥವಾ ಕಾಡುಬೆಕ್ಕಿನ ಮೇಲೆ. ಪತ್ರ ಓದಿ ಆಣೆ ಮಾಡಿ ಹೇಳಲಾರೆ. ನಿಮಗೇ ಪತ್ತೆ ಹಚ್ಚುವ ದಾರಿ ಕೊನೆಯಲ್ಲಿ ಹೇಳುತ್ತೇನೆ.

ರಕ್ತ ಕುಡಿಯುವ ಮಾತು ನಾನು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಿದ್ದೇನೆ. ಯಾವ ಪ್ರಾಣಿಯೂ ಕೋಳಿಯ ಕತ್ತಿಗೆ ಬಾಯಿಟ್ಟು ಎಳನೀರಿನ ಹಾಗೆ ಹೀರುವುದಿಲ್ಲ. ಕೋರೆಹಲ್ಲು ಕತ್ತಿನ ಮೂಳೆ, ನರ ಮುರಿಯುತ್ತದೆ. ಕೋಳಿ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತದೆ. ಹೃದಯ ನಿಂತ ಮೇಲೆ ರಕ್ತ ಹೊರಗೆ ಚಿಮ್ಮುವುದಿಲ್ಲ, ಚರ್ಮದ ಕೆಳಗೇ ಹೆಪ್ಪುಗಟ್ಟುತ್ತದೆ. ಮೇಲಿನ ತೂತನ್ನು ಗರಿ ಮುಚ್ಚಿಬಿಡುತ್ತದೆ. ನೋಡುವವರಿಗೆ ರಕ್ತ ಎಲ್ಲಿ ಹೋಯಿತು ಅಂತ ಆಶ್ಚರ್ಯ. ಎಲ್ಲೂ ಹೋಗಿಲ್ಲ, ಒಳಗೇ ಇದೆ.

ಇದನ್ನು ಸುಮ್ನೆ ವಾದಕ್ಕೆ ಹೇಳುತ್ತಿಲ್ಲ, ಇದರಿಂದ ಒಂದು ದೊಡ್ಡ ಉಪಯೋಗ ಇದೆ. ಒಮ್ಮೆ ಒಬ್ಬರು ಗೋಣಿಚೀಲದಲ್ಲಿ ಮೂರು ಸತ್ತ ಕೋಳಿ ತಂದು ಮೇಜಿನ ಪಕ್ಕ ಇಟ್ಟರು. ಮುಂಗುಸಿ ಕಾಟ, ಬೋನು ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಒಂದರ ಕತ್ತಿನ ಗರಿ ಕಿತ್ತು, ಚರ್ಮ ಸೀಳಿ ಹಿಂದಕ್ಕೆ ಸರಿಸಿದೆ. ಕೆಳಗಿನ ಮಾಂಸ ತಿಳಿ ಗುಲಾಬಿ, ಒಂದು ಹನಿ ಹೆಪ್ಪುಗಟ್ಟಿದ ರಕ್ತ ಇಲ್ಲ. ಗಾಯದ ಅಂಚು ಒಣಗಿತ್ತು. ಅಂದರೆ ಕಚ್ಚಿದಾಗ ಕೋಳಿ ಆಗಲೇ ಸತ್ತಿತ್ತು. ಅವು ಸತ್ತದ್ದು ರೋಗದಿಂದ, ಆಮೇಲೆ ಹೆಗ್ಗಣ ಬಂದು ಕಡಿದಿತ್ತು. ಅವರಿಗೆ ಬೇಕಿದ್ದದ್ದು ಬೋನಲ್ಲ, ಲಸಿಕೆ. ಬದುಕಿದ್ದಾಗ ಕಚ್ಚಿದ್ದರೆ ಚರ್ಮದಡಿ ಕಪ್ಪು ಕೆಂಪು ಹೆಪ್ಪು ಇದ್ದೇ ಇರುತ್ತದೆ. ನಿಮ್ಮ ಕೋಳಿಗಳನ್ನು ಈಗಾಗಲೇ ಹೂತಿರುತ್ತೀರಿ, ಇರಲಿ. ಐದೂ ಒಂದೇ ರಾತ್ರಿ, ನಾಲ್ಕಕ್ಕೂ ಒಂದೇ ಜಾಗದಲ್ಲಿ ಗಾಯ, ಹಿಂದಿನ ದಿನ ಎಲ್ಲ ಚೆನ್ನಾಗಿದ್ದವು ಅಂದರೆ ರೋಗದ ಸಂಶಯ ಕಡಿಮೆ. ಮುಂದೆ ಎಂದಾದರೂ ಸತ್ತ ಕೋಳಿ ಸಿಕ್ಕರೆ ಮಾತ್ರ ಇದು ನೆನಪಿರಲಿ. ಮೈಮೇಲೆ ಗಾಯವೇ ಇಲ್ಲದೆ ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.

ತಿನ್ನದಿದ್ದ ಮೇಲೆ ಯಾಕೆ ಕೊಂದಿತು ಅನ್ನುವುದು ಎಲ್ಲರನ್ನೂ ಕಾಡುವ ಪ್ರಶ್ನೆ. ಸೇಡು ಅಂತಾರೆ ಕೆಲವರು, ಹುಚ್ಚು ಅಂತಾರೆ ಕೆಲವರು. ಎರಡೂ ಅಲ್ಲ. ಪ್ರಾಣಿಶಾಸ್ತ್ರಜ್ಞ ಹಾನ್ಸ್ ಕ್ರೂಕ್ 1972ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಕಗ್ಗತ್ತಲ ರಾತ್ರಿಗಳಲ್ಲಿ ನರಿಗಳು ನೆಲದ ಮೇಲೆ ಮಲಗಿದ್ದ ಕಡಲಹಕ್ಕಿಗಳನ್ನು ರಾಶಿ ರಾಶಿ ಕೊಂದು ತಿನ್ನದೇ ಬಿಟ್ಟದ್ದನ್ನು ಅವರು ನೋಡಿದ್ದರು. ಹೊಟ್ಟೆ ತುಂಬಿದರೂ ಬೇಟೆಯ ಚಟ ನಿಲ್ಲುವುದಿಲ್ಲ, ಅದನ್ನು ನಿಲ್ಲಿಸುವುದು ಬೇಟೆ ತಪ್ಪಿಸಿಕೊಂಡು ಹೋಗುವುದು. ಕಾಡಿನಲ್ಲಿ ಒಂದು ಹಕ್ಕಿ ಹಿಡಿಯುವಷ್ಟರಲ್ಲಿ ಉಳಿದವು ಹಾರಿರುತ್ತವೆ. ಗೂಡಿನಲ್ಲಿ ಹಾರಿ ಹೋಗುವುದೆಲ್ಲಿಗೆ? ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದೇ ಕಡಿಮೆ. ಗಳದ ಮೇಲಿಂದ ಬಿದ್ದು ಅಲ್ಲೇ ಪಟಪಟ ರೆಕ್ಕೆ ಬಡಿಯುತ್ತದೆ. ಆ ಬಡಿತವೇ ಮುಂದಿನ ಏಟಿಗೆ ಕರೆ. ಎಷ್ಟೋ ಸಲ ಕೊಂದದ್ದನ್ನು ಒಂದೊಂದಾಗಿ ಹೊತ್ತೊಯ್ಯುವ ಹೊತ್ತಿಗೆ ಬೆಳಗಾಗಿರುತ್ತದೆ, ಅಷ್ಟೇ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಆ ತಲೆ ಇಲ್ಲದ ಕೋಳಿ. ಅದು ಜಾಲರಿಗೆ ಒರಗಿ ಸತ್ತಿತ್ತು ಅಂದಿರಿ. ಗೂಡಿನ ಒಳಗೆ ಬರುವ ಮೊದಲು ಪ್ರಾಣಿ ಹೊರಗೇ ನಿಂತು ಜಾಲರಿಯ ಕಣ್ಣಿನಿಂದ ಪಂಜ ತೂರಿಸಿ, ಮಲಗಿದ್ದ ಕೋಳಿಯ ತಲೆ ಎಳೆದಿದೆ. ಮೈ ಹೊರಗೆ ಬರಲಿಲ್ಲ, ತಲೆ ಬಂತು. ಕೇಳೋಕೆ ಕಷ್ಟ, ಆದರೆ ತಪ್ಪು ಎಲ್ಲಿದೆ ಅಂತ ಇದೇ ತೋರಿಸುತ್ತದೆ. ಕೋಳಿ ಜಾಲರಿ ಅಂತ ನಾವು ತರುವ ಆರು ಮೂಲೆ ಕಣ್ಣಿನ ತೆಳು ತಂತಿ ಇದೆಯಲ್ಲ, ಅದು ಕೋಳಿ ಹೊರಗೆ ಹೋಗದಿರಲಿ ಅಂತ ಮಾಡಿದ್ದು. ಹೊರಗಿನವರು ಒಳಗೆ ಬಾರದಿರಲಿ ಅಂತ ಅಲ್ಲ. ಗಟ್ಟಿ ನಾಯಿ ಅದನ್ನು ಹಲ್ಲಿನಲ್ಲೇ ಹರಿಯುತ್ತದೆ. ಮೂರು ವರ್ಷ ಏನೂ ಆಗಲಿಲ್ಲ ಅಂದರೆ ಗೂಡು ಗಟ್ಟಿ ಇತ್ತು ಅಂತಲ್ಲ, ಯಾರೂ ಬಂದು ಪರೀಕ್ಷೆ ಮಾಡಿರಲಿಲ್ಲ ಅಂತ. ಜೊತೆಗೆ ಮೂರು ವರ್ಷದ ಹಿಕ್ಕೆಯ ತೇವಕ್ಕೆ ತಂತಿ ತುಕ್ಕು ಹಿಡಿದಿರುತ್ತದೆ, ನೆಲಕ್ಕೆ ತಾಗುವ ಮರ ಕುಂಬಾಗಿರುತ್ತದೆ.

ಹಾಗಾಗಿ ಕಳ್ಳನ ಹೆಸರು ಗೊತ್ತಾಗುವ ತನಕ ಕಾಯಬೇಡಿ, ಕನ್ನ ಹುಡುಕಿ. ಇವತ್ತು ರಾತ್ರಿ ಖಾಲಿ ಗೂಡಿನ ಒಳಗೆ ಜೋರು ಬೆಳಕಿನ ಟಾರ್ಚ್ ಹಚ್ಚಿಟ್ಟು, ಬಾಗಿಲು ಹಾಕಿ, ಹೊರಗೆ ಒಂದು ಸುತ್ತು ಬನ್ನಿ. ಕೂತುಕೊಂಡು ನೋಡಿ, ನಿಂತುಕೊಂಡು ನೋಡಿ. ತಗಡಿನ ಉಬ್ಬು ತಗ್ಗಿನ ಕೆಳಗೆ, ಬಾಗಿಲ ಸಂದಿಯಲ್ಲಿ, ಮೂಲೆಯಲ್ಲಿ, ನೆಲದ ಗೆರೆಯಲ್ಲಿ ಬೆಳಕು ಸೋರುವ ಜಾಗಕ್ಕೆಲ್ಲ ಸುಣ್ಣದ ಗುರುತು ಹಾಕಿ. ಇಂಥ ಪ್ರಾಣಿಗಳಿಗೆ ಹೆಚ್ಚಾಗಿ ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಬೆಳೆದ ಇಲಿಗೆ 2 ಸೆಂಟಿಮೀಟರ್ ಸಂದಿ ಸಾಕು. ತಗಡಿನ ಕೆಳಗಿನ ಸಂದಿಯನ್ನು ಯಾರೂ ನೋಡುವುದಿಲ್ಲ, ಪುನುಗು ಬರುವುದು ಅಲ್ಲಿಂದಲೇ. ಅದು ಮರ ಹತ್ತುವ ಪ್ರಾಣಿ, ಮಾಡಿನ ಮೇಲಿಂದಲೇ ಇಳಿಯುತ್ತದೆ.

ಮುಚ್ಚುವುದಕ್ಕೆ ಬೇಕಾದದ್ದು ವೆಲ್ಡ್ ಮೆಶ್, ಅಂದರೆ ತಂತಿ ಕೂಡುವಲ್ಲೆಲ್ಲ ಬೆಸುಗೆ ಹಾಕಿದ ಗಟ್ಟಿ ಜಾಲರಿ. ಗ್ಯಾಲ್ವನೈಸ್ ಮಾಡಿದ್ದು, ಕಣ್ಣು ಅರ್ಧ ಇಂಚು, ಅಂದರೆ 12–13 ಮಿಲಿಮೀಟರ್. ಪಂಜ ತೂರುವುದಿಲ್ಲ, ಬೆಳೆದ ಇಲಿಯೂ ತೂರುವುದಿಲ್ಲ. ಅದನ್ನು ಬರೀ ಸ್ಟೇಪಲ್ ಪಿನ್ನಿನಲ್ಲಿ ಹೊಡೆಯಬೇಡಿ, ಎಳೆದರೆ ಕಿತ್ತು ಬರುತ್ತದೆ. ಸ್ಕ್ರೂ ಮತ್ತು ಅಗಲ ವಾಷರ್ ಹಾಕಿ, ಇಲ್ಲವೇ ಮೇಲೊಂದು ಮರದ ಪಟ್ಟಿ ಕೊಟ್ಟು ಸ್ಕ್ರೂ ಬಿಗಿಯಿರಿ. ಗಾಳಿಗೆ ಅಂತ ಬಿಟ್ಟ ಮೇಲಿನ ಕಿಂಡಿಗಳಿಗೂ ಇದೇ ಮೆಶ್. ಹೆದರಿಕೆಗೆ ಪ್ಲಾಸ್ಟಿಕ್ ಹೊದಿಸಿ ಗೂಡನ್ನು ಡಬ್ಬಿ ಮಾಡುವವರಿದ್ದಾರೆ. ಹಿಕ್ಕೆಯಿಂದ ಏಳುವ ಅಮೋನಿಯ ಒಳಗೇ ನಿಂತು ಕಣ್ಣುರಿ, ಉಸಿರಿನ ಕಾಯಿಲೆ ಬರುತ್ತದೆ. ಕಾಡುಬೆಕ್ಕಿನಿಂದ ಉಳಿಸಿ ಕೆಮ್ಮಿನಿಂದ ಕಳೆದುಕೊಂಡರೆ ಏನು ಬಂತು?

ನೆಲದಡಿ ತೋಡಿ ಬರುವವರಿಗೆ ಒಂದು ಸುಲಭ ಉಪಾಯ ಇದೆ. ಗೋಡೆಯ ಬುಡದಿಂದ ಹೊರಕ್ಕೆ 45–60 ಸೆಂಟಿಮೀಟರ್ ಅಗಲದ ಮೆಶ್ಶನ್ನು ಸೆರಗು ಹಾಸಿದ ಹಾಗೆ ನೆಲಕ್ಕೆ ಹಾಸಿ, ಗೂಟ ಹೊಡೆದು, ಮೇಲೆ ಮಣ್ಣು ಎಳೆಯಿರಿ. ಹುಲ್ಲು ಬೆಳೆದರೆ ಕಾಣುವುದೂ ಇಲ್ಲ. ನಾಯಿ, ನರಿ ಯಾವುದೇ ಆದರೂ ಗೋಡೆಗೆ ಮೂತಿ ತಾಗಿಸಿ ಅಲ್ಲೇ ಕೆರೆಯಲು ಶುರು ಮಾಡುತ್ತದೆ. ಉಗುರಿಗೆ ತಂತಿ ಸಿಗುತ್ತದೆ. ಎರಡಡಿ ಹಿಂದೆ ಹೋಗಿ ತೋಡೋಣ ಅನ್ನುವ ಬುದ್ಧಿ ಅವಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಒಂದಡಿ ಆಳ ಕಾಲುವೆ ತೋಡಿ ಮೆಶ್ ಹೂಳುವುದೂ ಆಗುತ್ತದೆ, ಬೆನ್ನು ನೋವು ಬೇಕಿದ್ದರೆ.

ಇಷ್ಟೆಲ್ಲ ಮೆಶ್ ಅಂದರೆ ಖರ್ಚು ಜಾಸ್ತಿ, ಗೊತ್ತು. ಅದಕ್ಕೇ ನನ್ನ ಸಲಹೆ: ಹಗಲು ಓಡಾಡುವ ಜಾಗದ ಜಾಲರಿಯನ್ನು ರಿಪೇರಿ ಮಾಡಿ ಹಾಗೇ ಬಿಡಿ. ರಾತ್ರಿ ಮಲಗುವುದಕ್ಕೆ ಮಾತ್ರ ಅದರೊಳಗೆ ಒಂದು ಗಟ್ಟಿ ಪೆಟ್ಟಿಗೆ ಮಾಡಿ. ನೆಲದಿಂದ ಒಂದೂವರೆ ಅಡಿ ಎತ್ತರದ ಕಾಲು, ಹಲಗೆಯ ಗೋಡೆ, ಮೆಶ್ ಹೊಡೆದ ಕಿಂಡಿ. ಏಳು ಕೋಳಿಗೆ ದೊಡ್ಡದೇನೂ ಬೇಡ. ಕೂರುವ ಗಳವನ್ನು ಕಿಂಡಿಯಿಂದ ಒಂದಡಿಯಾದರೂ ದೂರ ಇಡಿ, ಒರಗಿ ಮಲಗುವ ಅವಕಾಶವೇ ಇರಬಾರದು. ಬಾಗಿಲಿಗೆ ಬರೀ ತಿರುಗಿಸುವ ಮರದ ತುಂಡು ಸಾಲದು. ಚಿಲಕ ಹಾಕಿ, ಅದು ಜಾರದ ಹಾಗೆ ಒಂದು ಕೊಕ್ಕೆಯನ್ನೂ ಸಿಕ್ಕಿಸಿ.

ಆದರೆ ಎಂಥ ಚಿಲಕವೂ ಹಾಕಿದರೆ ತಾನೇ? ಇದನ್ನು ಹೇಳುವಾಗ ನನಗೇ ನಾಚಿಕೆ. ಊರಿಗೆಲ್ಲ ಬುದ್ಧಿ ಹೇಳುವ ನಾನೇ ಒಂದು ಸಂಜೆ ಫೋನಿನಲ್ಲಿ ಮಾತಾಡುತ್ತಾ ಕೂತು, ಮುಕ್ಕಾಲು ಗಂಟೆ ತಡವಾಗಿ ಬಾಗಿಲು ಹಾಕಲು ಹೋದೆ. ಎರಡು ಹೇಂಟೆ ಇರಲಿಲ್ಲ. ಮುಸ್ಸಂಜೆಯ ಆ ಅರ್ಧ ಮುಕ್ಕಾಲು ಗಂಟೆ ಎಲ್ಲಕ್ಕಿಂತ ಕೆಟ್ಟದ್ದು. ಕೋಳಿಗೆ ಕಣ್ಣು ಮಬ್ಬಾಗಿರುತ್ತದೆ, ರಾತ್ರಿಯವರು ಆಗ ತಾನೇ ಎದ್ದಿರುತ್ತಾರೆ. ಬೆಳಕು ನೋಡಿ ತಾನೇ ಮುಚ್ಚುವ ಬಾಗಿಲು ಸಿಗುತ್ತದೆ, ಒಳ್ಳೆಯದೇ. ಆದರೆ ಅದಕ್ಕೆ ಎಣಿಸಲು ಬರುವುದಿಲ್ಲ. ತಡವಾಗಿ ಬಂದ ಹೇಂಟೆಯನ್ನು ಹೊರಗೇ ಬಿಟ್ಟು ಮುಚ್ಚುತ್ತದೆ, ಒಳಗೆ ನುಗ್ಗಿದ ಬೆಕ್ಕನ್ನು ಕೋಳಿಗಳ ಜೊತೆಗೇ ಕೂಡಿಹಾಕಿದರೂ ಹಾಕಿತು. ದಿನಾ ಸಂಜೆ ತಲೆ ಎಣಿಸುವ ಕೆಲಸ ಮಗಳಿಗೆ ಕೊಡಿ. ಅಳುವ ಮಗುವಿಗೆ ಕೈಗೆ ಒಂದು ಕೆಲಸ ಸಿಕ್ಕರೆ ಸಮಾಧಾನ ಆಗುತ್ತದೆ.

ವಿಷದ ಮೊಟ್ಟೆ ಬೇಡವೇ ಬೇಡ. ಅದನ್ನು ತಿನ್ನುವುದು ನೀವು ಅಂದುಕೊಂಡವನೇ ಅನ್ನುವ ಖಾತ್ರಿ ಏನು? ಪಕ್ಕದ ಮನೆ ನಾಯಿ ತಿನ್ನಬಹುದು. ತಿಂದು ಸತ್ತ ಇಲಿಯನ್ನು ಗೂಬೆ ತಿಂದು ಅದೂ ಸಾಯಬಹುದು. ಮೊಟ್ಟೆ ಅಂದಮೇಲೆ ಮಕ್ಕಳ ಕೈಗೂ ಸಿಗುತ್ತದೆ. ಗೂಬೆ, ಪುನುಗು, ಕೇರೆಹಾವು ಹೋದರೆ ನಿಮ್ಮ ಹಿತ್ತಲಲ್ಲಿ ಹೆಚ್ಚುವುದು ಇಲಿ. ಮರಿ, ಮೊಟ್ಟೆ ಎರಡಕ್ಕೂ ಇಲಿಯಷ್ಟು ಸದ್ದಿಲ್ಲದ ಕಳ್ಳ ಇನ್ನೊಬ್ಬನಿಲ್ಲ. ಕಾಡುಪ್ರಾಣಿಯನ್ನು ಕೊಲ್ಲುವುದು, ಹಿಡಿಯುವುದು ಬಹಳಷ್ಟು ಕಡೆ ಕಾನೂನಿನ ಪ್ರಕಾರ ಅಪರಾಧವೂ ಹೌದು.

ಜಾಲರಿಗೆ ಮನೆಯ ಕರೆಂಟ್ ಕೊಡಿ ಅಂದವರಿಗೆ ದೂರದಿಂದಲೇ ಕೈಮುಗಿಯಿರಿ. ಮನೆಯ ಕರೆಂಟು ಹರಿಯುತ್ತಲೇ ಇರುತ್ತದೆ, ಹಿಡಿದ ಕೈ ಬಿಡಲಾಗುವುದಿಲ್ಲ. ಬೆಳಿಗ್ಗೆ ಮೊಟ್ಟೆ ತೆಗೆಯಲು ಮೊದಲು ಹೋಗುವುದು ನಿಮ್ಮ ಮಗಳೇ ಅಲ್ವಾ? ಬೇಲಿಗೆ ಅಂತಲೇ ಮಾಡಿದ ಎನರ್ಜೈಸರ್ ಬೇರೆ. ಅದು ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಮಾತ್ರ ಹೊಡೆತ ಕೊಡುತ್ತದೆ. ವೋಲ್ಟೇಜು ಸಾವಿರಗಟ್ಟಲೆ ಇದ್ದರೂ ಹೊತ್ತು ಕಡಿಮೆ ಆದ್ದರಿಂದ ನೋವಾಗುತ್ತದೆ, ಪ್ರಾಣ ಹೋಗುವುದಿಲ್ಲ. ನಾಯಿ, ನರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಹುಲ್ಲು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಸೋರಿ ಹೋಗುತ್ತದೆ, ಹಾಗಾಗಿ ಬುಡ ಸವರುತ್ತಲೇ ಇರಬೇಕು. ಏಳು ಕೋಳಿಗೆ ಇಷ್ಟು ಬೇಕಾ ಅಂತ ನೀವೇ ಯೋಚಿಸಿ. ನಾನಾದರೆ ಮೆಶ್ ಹಾಕುತ್ತೇನೆ.

ಬೋನಿನ ಬಗ್ಗೆಯೂ ಕೇಳುತ್ತಾರೆ. ಒಂದನ್ನು ಹಿಡಿದು ದೂರ ಬಿಟ್ಟರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ, ಕನ್ನ ಹಾಗೇ ಇರುತ್ತದೆ. ಬೋನಿನಲ್ಲಿ ಬಿದ್ದದ್ದು ಹೆದರಿ ಕಚ್ಚಿದರೆ ರೇಬಿಸ್ ಭಯ ಬೇರೆ. ಯಾವುದೇ ಪ್ರಾಣಿ ಕಚ್ಚಿದರೂ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ನುಸಿಗುಳಿಗೆ ಇವತ್ತೇ ಆರಿಸಿ ತೆಗೆಯಿರಿ. ಹಾವು ಅದರ ಮೇಲೇ ಹರಿದು ಹೋಗುತ್ತದೆ. ಕುಕ್ಕಿ ನುಂಗಿದ ಕೋಳಿಗೆ, ಬಾಯಿಗೆ ಹಾಕಿಕೊಂಡ ಮಗುವಿಗೆ ಮಾತ್ರ ಅದು ವಿಷ. ಹಾವನ್ನು ದೂರ ಇಡುವುದು ವಾಸನೆಯಲ್ಲ, ಇಲಿ ಇಲ್ಲದಿರುವುದು. ರಾತ್ರಿ ಕಾಳು, ಉಳಿದ ತಿಂಡಿ ಗೂಡಿನಲ್ಲಿ ಬಿಡಬೇಡಿ, ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿಡಿ. ಮೊಟ್ಟೆ ಸಂಜೆಯೊಳಗೆ ತೆಗೆಯಿರಿ. ಗೂಡಿನ ಪಕ್ಕ ಕಲ್ಲು, ಕಟ್ಟಿಗೆ ರಾಶಿ ಇದ್ದರೆ ಜಾಗ ಬದಲಿಸಿ. ಮೀನಿನ ಬಲೆಯಂಥ ನೈಲಾನ್ ಬಲೆಯನ್ನು ನೆಲದ ಹತ್ತಿರ ಕಟ್ಟಬೇಡಿ, ಹಾವು ಅದರಲ್ಲಿ ಸಿಕ್ಕಿ ಒದ್ದಾಡುತ್ತದೆ, ಬಿಡಿಸಲು ಹೋದವರಿಗೆ ಅಪಾಯ.

ಇನ್ನು ಹಗಲು ಮಾಯವಾಗುವ ಮರಿಗಳು. ಇದು ಬೇರೆ ಕಳ್ಳನ ಕೆಲಸ, ರಾತ್ರಿಯದಕ್ಕೆ ಗಂಟು ಹಾಕಬೇಡಿ. ಇಲ್ಲಿ ಮಾತ್ರ ಮುಂಗುಸಿ ಮೇಲೆ ನನಗೂ ಅನುಮಾನ ಇದೆ, ಜೊತೆಗೆ ಹದ್ದು, ಗಿಡುಗ, ಕಾಗೆ, ಮನೆಬೆಕ್ಕು. ಸತ್ತದ್ದೆಲ್ಲ ಹೇಂಟೆ, ಹುಂಜ ಬದುಕಿದೆಯಲ್ಲ, ಅದನ್ನೇ ಕೇಳಿ. ತಮಾಷೆ ಅಲ್ಲ. ಮೇಲಿಂದ ಬರುವ ಅಪಾಯಕ್ಕೂ ನೆಲದ ಮೇಲಿನ ಅಪಾಯಕ್ಕೂ ಹುಂಜ ಬೇರೆ ಬೇರೆ ಕೂಗು ಹಾಕುತ್ತದೆ. ಹದ್ದು ಕಂಡರೆ ಒಂದೇ ಎಳೆಯ, ಉದ್ದನೆಯ, ಸಣ್ಣ ದನಿ. ಕೇಳಿದ ಕೂಡಲೇ ಹೇಂಟೆಗಳು ಪೊದೆಗೆ ಓಡುತ್ತವೆ ಇಲ್ಲವೇ ಇದ್ದಲ್ಲೇ ಅಡಗಿ ಕೂರುತ್ತವೆ. ಬೆಕ್ಕು, ಮುಂಗುಸಿ ಕಂಡರೆ ಕತ್ತು ನೀಳ ಮಾಡಿ ನಿಂತು ಕೊಕ್ ಕೊಕ್ ಕೊಕ್ ಅಂತ ತಡೆತಡೆದು ಗಟ್ಟಿಯಾಗಿ ಕೂಗುತ್ತಲೇ ಇರುತ್ತದೆ. ಎರಡು ದಿನ ಅಡುಗೆಮನೆ ಕಿಟಕಿಯಿಂದ ಕಿವಿಗೊಟ್ಟರೆ ಕಳ್ಳ ಆಕಾಶದವನೋ ನೆಲದವನೋ ಗೊತ್ತಾಗುತ್ತದೆ.

ಮದ್ದು ಎರಡಕ್ಕೂ ಹೆಚ್ಚೂ ಕಡಿಮೆ ಒಂದೇ. ಆರರಿಂದ ಎಂಟು ವಾರ ಆಗುವವರೆಗೆ ತಾಯಿ, ಮರಿ ಎರಡನ್ನೂ ಮೇಲೆ ಮುಚ್ಚಿದ ಮೆಶ್ ಗೂಡಿನಲ್ಲೇ ಇಡಿ. ನೆಲ ಕೆದಕಲಿ ಅಂತ ದಿನಾ ಜಾಗ ಬದಲಿಸಿದರೆ ಸಾಕು. ದೊಡ್ಡ ಕೋಳಿಗಳಿಗೆ ಅಂಗಳದಲ್ಲಿ ಒಂದೆರಡು ತಗ್ಗು ಪೊದೆ, ಓರೆಯಾಗಿ ನಿಲ್ಲಿಸಿದ ತಡಿಕೆ, ಏನಾದರೂ ಅಡಗುವ ಜಾಗ ಇರಲಿ. ಹೊಳೆಯುವ ಸಿಡಿ, ಬೆದರುಬೊಂಬೆ ನಾಲ್ಕು ದಿನ ನಡೆಯುತ್ತವೆ, ಐದನೆಯ ದಿನ ಕಾಗೆ ಅದರ ಮೇಲೇ ಕೂರುತ್ತದೆ.

ಉಳಿದ ಹೇಂಟೆಗಳು ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ಮೊಟ್ಟೆ ಇಡದಿದ್ದರೆ ಗಾಬರಿ ಬೇಡ. ಹೆದರಿಕೆಗೆ ಹಾಗಾಗುತ್ತದೆ. ಹೊಸ ಕೋಳಿ ತಂದು ಈಗಲೇ ಸೇರಿಸಬೇಡಿ.

ಕೊನೆಗೆ ಕಳ್ಳನ ಹೆಸರು. ಸಂಜೆ ಖಾಲಿ ಗೂಡಿನ ಸುತ್ತ, ಬಾಗಿಲ ಮುಂದೆ ಒಂದು ಮೊಳ ಅಗಲಕ್ಕೆ ಒಲೆಯ ಬೂದಿಯನ್ನೋ ನಯವಾದ ಮರಳನ್ನೋ ಜರಡಿ ಹಿಡಿದು ಉದುರಿಸಿ. ಬೆಳಿಗ್ಗೆ ಯಾರೂ ತುಳಿಯುವ ಮೊದಲು ನೋಡಿ. ದುಂಡಗೆ ನಾಲ್ಕು ಬೆರಳು, ಉಗುರಿನ ಗುರುತಿಲ್ಲ ಅಂದರೆ ಬೆಕ್ಕಿನ ಜಾತಿ. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕಿ ಇದ್ದರೆ ನಾಯಿ ಅಥವಾ ನರಿ. ಐದು ಬೆರಳು ಕಂಡರೆ ಪುನುಗು ಇರಬಹುದು, ಮುಂಗುಸಿಗೂ ಐದೇ. ಗುರುತು ಮಸುಕಾಗಿದ್ದರೆ ಪಕ್ಕದಲ್ಲಿ ಅಳತೆಗೆ ಒಂದು ಬೆಂಕಿಪೊಟ್ಟಣ ಇಟ್ಟು, ನೇರ ಮೇಲಿಂದ ಫೋಟೋ ತೆಗೆದು ಕಳಿಸಿ. ನೋಡಿ ಹೇಳುತ್ತೇನೆ.